ಪರಊರ ಪಂದ್ಯವಿಲ್ಲದ ದೇಶ

ಜೂನ್ ೧೪, ಶನಿವಾರ. ಕಾಕ್ಕನಾಡ್, ಕೊಚ್ಚಿ

ಮಗಳು ಅನ್ವಿತಾಳ ಮೊಳಕಾಲಿನ ಊತ ಇನ್ನೂ ಇಳಿದಿಲ್ಲ. ಮೇ ತಿಂಗಳಲ್ಲಿ ಶಾಲೆಯ ಫುಟ್ಬಾಲ್ ತಂಡದ ಗೋಲಿಯಾಗಿ, ಅಂದರೆ ಗೋಲ್‌ಕೀಪರಾಗಿ, ಹಾರಿ ಬಿದ್ದವಳು, ಹತ್ತನೇ ಕ್ಲಾಸು ಶುರುವಾದರೂ ಕುಂಟುತ್ತಿದ್ದಾಳೆ. ಜನ್ಮಕ್ಕೆ ಒಂದೇ ಸಲ ಬರುವ ಹತ್ತನೇ ಕ್ಲಾಸು! ಚೆಂಡಿನ ಬೆನ್ನು ಹತ್ತಿ ಯಾರು ಉದ್ಧಾರ ಆಗಿದ್ದಾರೆ ಎಂದು ಕೇಳಿದರೆ ಈ ಮನೆಯಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ನಾನು ಪರೀಕ್ಷೆ ಬರೆದು ಬ್ಯಾಂಕು ಸೇರಿದವನು. ನನ್ನ ಮಾತಿಗೆ ಪುರಾವೆ ನಾನೇ.

ತಿರುವನಂತಪುರದಲ್ಲಿ ಡಾ. ಕಿಶೋರ್ ಅಂತ ಮೊಳಕಾಲಿಗೇ ಹೆಸರಾದ ಡಾಕ್ಟರ್ ಇದ್ದಾರೆ, ಅಲ್ಲಿಗೇ ಹೋಗಿ ಎಂದು ಅವಳ ಕೋಚ್ ನಿಶಾ ಟೀಚರ್ ಹೇಳಿದ್ದಾರೆ. ಹೆಂಡತಿ ಕೌಸಲ್ಯಾಗೆ ವಲ್ಲಾರ್ಪಾಡಂ ಬಂದರಿನ ಕಚೇರಿಯಲ್ಲಿ ಆಡಿಟ್, ರಜೆ ಸಿಗುವುದಿಲ್ಲ. "ನೀವೇ ಕರ್ಕೊಂಡು ಹೋಗಿ ಮಾರಾಯ್ರೆ. ಅಪ್ಪ ಅಂದ್ರೆ ಎಂತ ಅಂತ ಅವಳಿಗೂ ಗೊತ್ತಾಗ್ಲಿ" ಅಂದಳು. ಕಾಸರಗೋಡಿನವಳು, ನಗುತ್ತಲೇ ಚುಚ್ಚುತ್ತಾಳೆ.

ಚುಚ್ಚಿದ್ದರಲ್ಲಿ ಸುಳ್ಳೇನಿಲ್ಲ. ಇವರಿಬ್ಬರೂ ಕೊಚ್ಚಿಯಲ್ಲಿದ್ದಾಗ ನಾನು ಹತ್ತು ವರ್ಷ ಬಳ್ಳಾರಿ, ರಾಯಚೂರು, ಕಲಬುರಗಿ ಎಂದು ವರ್ಗದ ಮೇಲೆ ವರ್ಗ ತಿರುಗಿದೆ. ಇಲ್ಲಿನ ಶಾಖೆಗೆ ಬಂದದ್ದು ಈ ಜನವರಿಯಲ್ಲಿ. ನಾನು ಧಾರವಾಡದ ಕನ್ನಡದಲ್ಲಿ ಕೇಳುತ್ತೇನೆ, ಮಗಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಅದೂ ಎರಡೇ ಉತ್ತರ. ಒಂದು "ವೇಂಡ", ಅಂದರೆ ಬೇಡ. ಇನ್ನೊಂದು "ಅರಿಯಿಲ್ಲ", ಅಂದರೆ ಗೊತ್ತಿಲ್ಲ.

ಹಾಗಾಗಿ ನಾನೇ ಮಲಯಾಳಕ್ಕೆ ಕೈಹಾಕಿದ್ದೇನೆ. ಜನ ಸುಮ್ಮನೆ ಹೆದರುತ್ತಾರೆ, ಅದೇನೂ ಕಷ್ಟವಲ್ಲ. ನನ್ನದೇ ಒಂದು ಸೂತ್ರ ಕಂಡುಕೊಂಡಿದ್ದೇನೆ: 'ಮಾಡಬೇಕು' ಅನ್ನುವ ಅರ್ಥ ಬೇಕಾದರೆ ಕನ್ನಡದ ಮಾತಿಗೆ 'ಕ್ಕಣಂ' ಎಂಬ ಬಾಲ ಹಚ್ಚುವುದು. ಕುಡಿಯಬೇಕು ಅಂದರೆ ಕುಡಿಕ್ಕಣಂ. ನಡೆಯಬೇಕು ಅಂದರೆ ನಡಕ್ಕಣಂ. ಇರಬೇಕು ಅಂದರೆ ಇರಿಕ್ಕಣಂ. ಶಾಖೆಯ ಕಾವಲುಗಾರನ ಮೇಲೆ ಪ್ರಯೋಗಿಸಿ ನೋಡಿದ್ದೇನೆ, ಒಂದೂ ತಪ್ಪಿಲ್ಲ.

ಜೂನ್ ೧೬, ಸೋಮವಾರ. ತಿರುವನಂತಪುರ

ರೈಲಿನ ದಾರಿಯುದ್ದಕ್ಕೂ ಅವಳು ಕಿವಿಯೊಳಗೆ ಸಿಕ್ಕಿಸಿಕೊಂಡಿದ್ದನ್ನು ತೆಗೆಯಲಿಲ್ಲ. ಕೊಲ್ಲಂನಲ್ಲಿ ಪಳಂಪೊರಿ ಬಂತು, ಬಾಳೆಹಣ್ಣಿನ ಬಜ್ಜಿ. ಬೇಕೇನು ಅಂದೆ. "ವೇಂಡ." ಎರಡೂ ನಾನೇ ತಿಂದೆ.

ಆಸ್ಪತ್ರೆಗೆ ಹತ್ತಿರವೆಂದು ಕುಮಾರಪುರಂನಲ್ಲಿ ಲಾಡ್ಜ್ ಹಿಡಿದಿದ್ದೇನೆ. ಈ ಬೀದಿಯ ಬೋರ್ಡುಗಳ ಮೇಲೆ ಮಲಯಾಳ, ಇಂಗ್ಲಿಷಿನ ಜೊತೆ ಮೂರನೆಯದೊಂದು ಲಿಪಿ ಇದೆ. ಬರೀ ಕೊಕ್ಕೆ, ಚುಕ್ಕೆ, ಗೀಟು. ಅದು ಮಾಲ್ದೀವ್ಸ್‌ನವರದಂತೆ, ಬಲದಿಂದ ಎಡಕ್ಕೆ ಓದುವುದಂತೆ. ಆ ದೇಶದವರು ಕಾಯಿಲೆ ಬಿದ್ದರೆ ವಿಮಾನ ಹತ್ತಿ ಇಲ್ಲಿಗೇ ಬರುತ್ತಾರಂತೆ. ಮೆಡಿಕಲ್ ಅಂಗಡಿಯವನು ಅವರ ಭಾಷೆಯಲ್ಲಿ ಚೌಕಾಸಿ ಮಾಡುತ್ತಿದ್ದ. ನಿಂತು ಕೇಳಿದೆ, ನನ್ನ ಸೂತ್ರ ಅಲ್ಲಿ ನಡೆಯುವಂತಿಲ್ಲ.

ಪಕ್ಕದ ಕೋಣೆಯಲ್ಲಿ ಆದಂ ಮಣಿಕು ಮತ್ತು ಅವರ ಹೆಂಡತಿ ಆಮಿನಾ. ಆಕೆಗೆ ಹೃದಯದ ಆಪರೇಷನ್ ಆಗಿ ಈಗ ಬರೀ ತಪಾಸಣೆ. ವರ್ಷಗಟ್ಟಲೆ ಬಂದು ಹೋಗಿ ಇಬ್ಬರಿಗೂ ಮಲಯಾಳ ಬರುತ್ತದೆ. ನನ್ನ ಜೊತೆ ಹಿಂದಿ, ಸಿನಿಮಾ ನೋಡಿ ಕಲಿತ ಹಿಂದಿ. ಮಣಿಕು ಅನ್ವಿತಾಳ ಊರುಗೋಲು ನೋಡಿ, "ಫುಟ್ಬಾಲಾ?" ಅಂದರು.

ಅವಳು ತಲೆಯಾಡಿಸಿದಳು.

"ಯಾವ ಜಾಗ?"

"ಗೋಲಿ."

"ನಾನೂ ಗೋಲಿಯೇ! ನಮ್ಮ ದೇಶದ ಲೀಗಿನಲ್ಲಿ ಒಂದು ವರ್ಷ ಆಡಿದ್ದೇನೆ. ಆ ವರ್ಷದ ಸ್ಕೋರು ಮಾತ್ರ ಕೇಳಬೇಡ" ಎಂದು ಹತ್ತೂ ಬೆರಳು ಮೇಲೆತ್ತಿ ತೋರಿಸಿದರು. ಅನ್ವಿತಾ ನಕ್ಕಳು. ನಗುವಾಗ ಅವಳ ಎಡಗೆನ್ನೆ ನಮ್ಮವ್ವನ ಹಾಗೆ ಒಳಗೆ ಹೋಗುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ.

ಜೂನ್ ೧೭, ಮಂಗಳವಾರ

ಇವತ್ತು ಡಾಕ್ಟರ ಮುಂದೆ ನನ್ನ ಮಲಯಾಳ ಗೆದ್ದಿತು.

ಡಾ. ಕಿಶೋರ್ ನನ್ನ ಜೊತೆ ಇಂಗ್ಲಿಷಿನಲ್ಲಿ ಶುರು ಮಾಡಿದರು. "ಮಲಯಾಳಂ ಮದಿ, ಅಷ್ಟೇ ಸಾಕು" ಎಂದು ನಾನೇ ಬಿಗುಮಾನದಿಂದ ಹೇಳಿದೆ. ಆಮೇಲೆ ಅವರು ಅನ್ವಿತಾಳ ಕಡೆ ತಿರುಗಿ ಮಳೆ ಸುರಿದ ಹಾಗೆ ಮಾತಾಡಿದರು. ಮೊಳಕಾಲೊಳಗಿನ ಲಿಗಮೆಂಟ್ ಹರಿದಿದೆ ಅನ್ನುವುದು ತಿಳಿಯಿತು, ಉಳಿದದ್ದಕ್ಕೆ ತಲೆಯಾಡಿಸಿದೆ. ಕೊನೆಗೆ ನನ್ನನ್ನು ನೋಡಿ, "ಅಚ್ಛನ್ ಎಂತು ಪರಯುನ್ನು?" ಎಂದರು. ಅಪ್ಪ ಏನು ಹೇಳುತ್ತೀರಿ?

ಅಪ್ಪ ಹೇಳುವುದೇನು? ಸಾಲಿ ಕಲೀಬೇಕು, ಇನ್ನೇನು? ಹತ್ತನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ಕೂತು ಕಲಿಯುವ ಹಾಗಾದರೆ ಸಾಕು. ಸೂತ್ರ ಹಚ್ಚಿದೆ. "ಅವಳ್ ಕಲಿಕ್ಕಣಂ. ಅತ್ರೇಯುಳ್ಳೂ." ಅವಳು ಕಲಿಯಬೇಕು, ಅಷ್ಟೇ.

ಡಾಕ್ಟರ ಮುಖ ಅರಳಿತು. ಎದ್ದು ನನ್ನ ಕೈ ಕುಲುಕಿದರು. ಇಂಥ ಅಪ್ಪಂದಿರು ಕಡಿಮೆ ಎಂಬರ್ಥದ್ದೇನೋ ಹೇಳಿ, ಬರುವ ಮಂಗಳವಾರ ಆಪರೇಷನ್, ಅಲ್ಲಿಯವರೆಗೆ ಇಲ್ಲೇ ದಿನಾ ವ್ಯಾಯಾಮ ಮಾಡಿ ಊತ ಇಳಿಸಬೇಕು ಎಂದರು. ವಿದ್ಯೆಗೆ ಇಷ್ಟು ಬೆಲೆ ಕೊಡುವ ಡಾಕ್ಟರನ್ನು ನಾನು ಕಂಡಿಲ್ಲ. ಅನ್ವಿತಾ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಅಪ್ಪನಿಗೆ ಇಷ್ಟು ಮಲಯಾಳ ಬರುತ್ತದೆಂದು ಅವಳಿಗೆ ಆಶ್ಚರ್ಯವಾಗಿರಬೇಕು.

ಕೌಸಲ್ಯಾಗೆ ಫೋನು ಮಾಡಿ ಆಪರೇಷನ್ ಅಂದೆ. "ನೀವು ಹೂಂ ಅಂದ್ರಾ?" "ಅಂದೆ." ಆ ಕಡೆಯಿಂದ ಅಳು. ಪಾಪ, ಹೆದರಿದ್ದಾಳೆ. ಹೆದರಬೇಡ ಎಂದು ಸಮಾಧಾನ ಮಾಡಿದೆ.

ಜೂನ್ ೧೮, ಬುಧವಾರ

ಬೆಳಿಗ್ಗೆ ಅನ್ವಿತಾ "ಅಪ್ಪಾ, ಚಾ ಬೇಕೇನು?" ಅಂದಳು. ಕನ್ನಡ! ನಿನ್ನೆ ಸಂಜೆ ಪೇರಲಹಣ್ಣು ತಂದುಕೊಟ್ಟಿದ್ದೆ, ಅದರ ಪರಿಣಾಮ ಇರಬಹುದು. ಇವತ್ತೂ ತಂದಿದ್ದೇನೆ.

ವ್ಯಾಯಾಮ ಮುಗಿಸಿ ಬಂದರೆ ಲಾಡ್ಜಿನ ಜಗುಲಿಯಲ್ಲಿ ಮಣಿಕು ಅವಳಿಗೆ ತಮ್ಮ ದೇಶದ ಲೀಗಿನ ಚರಿತ್ರೆ ಹೇಳುತ್ತಾ ಕೂರುತ್ತಾರೆ. ನಾನು ಪೇಪರು ಓದುವವನ ಹಾಗೆ ಕೂತಿರುತ್ತೇನೆ. ಇವತ್ತು ಒಂದು ಮಾತು ಕಿವಿಗೆ ಬಿದ್ದು ಪೇಪರು ಮಡಚಬೇಕಾಯಿತು. ಅಲ್ಲಿನ ದೊಡ್ಡ ತಂಡಗಳೆಲ್ಲ ಇರುವುದು ರಾಜಧಾನಿ ಮಾಲೆಯಲ್ಲಿ. ಮಾಲೆ ಎಂಬುದು ಒಂದು ಸಂಜೆ ವಾಕಿಂಗಿನಲ್ಲಿ ಸುತ್ತಿ ಬರಬಹುದಾದ ದ್ವೀಪ. ಅವರ ಕಾಲಕ್ಕೆ ಲೀಗ್ ಪೂರ್ತಿ ಒಂದೇ ಸ್ಟೇಡಿಯಮ್ಮಿನಲ್ಲಿ ನಡೆಯುತ್ತಿತ್ತು. ಒಂದು ಪಂದ್ಯ ಮುಗಿದ ಮೇಲೆ ಅದೇ ಹುಲ್ಲಿನ ಮೇಲೆ ಇನ್ನೊಂದು.

ಲೀಗ್ ಅಂದರೆ ಒಂದು ಪಂದ್ಯ ನಮ್ಮೂರಲ್ಲಿ, ಇನ್ನೊಂದು ಎದುರಾಳಿಯ ಊರಲ್ಲಿ, ಎಂದು ಅನ್ವಿತಾ ನನಗೆ ತಿಳಿಸಿ ಹೇಳಿದಳು. 'ಹೋಮ್', 'ಅವೇ' ಅಂತಾರಂತೆ.

"ಹಂಗಾದ್ರ ಇವರಿಗೆ ಪರಊರ ಪಂದ್ಯನ ಇಲ್ಲೇನು?" ಅಂದೆ.

ಅನ್ವಿತಾ ಅದನ್ನು ಮಲಯಾಳಕ್ಕೆ ತಿರುಗಿಸಿದ ಮೇಲೆ, "ಇಲ್ಲ" ಎಂದು ಮಣಿಕು ನಕ್ಕರು. "ಗೆದ್ದವನೂ ಸೋತವನೂ ಒಂದೇ ಬೀದಿಯಲ್ಲಿ ನಡೆದು ಮನೆಗೆ ಹೋಗುತ್ತಾನೆ. ಸೋತ ರಾತ್ರಿ ಬಹಳ ಕಷ್ಟ."

ನಮ್ಮ ಹುಬ್ಬಳ್ಳಿ-ಧಾರವಾಡದ ಅರ್ಧದಷ್ಟೂ ಜನ ಇಲ್ಲದ ದೇಶ. ಅದಕ್ಕೊಂದು ರಾಷ್ಟ್ರೀಯ ಲೀಗು! ವಿಚಿತ್ರ ಅನ್ನಿಸಿತು.

ಜೂನ್ ೧೯, ಗುರುವಾರ

ಪೇಪರು ಕೊಳ್ಳಲೇ ಇಲ್ಲ, ಹೇಗೂ ಓದುವುದಾಗುವುದಿಲ್ಲ. ನೇರವಾಗಿ ಕುರ್ಚಿ ಎಳೆದುಕೊಂಡು ಕೂತೆ.

ಮೊದಲು ಅಲ್ಲಿ ವರ್ಷಕ್ಕೊಂದು ರಾಷ್ಟ್ರೀಯ ಚಾಂಪಿಯನ್‌ಶಿಪ್ ಇತ್ತು. ಎರಡು ಸಾವಿರದ ಇಸವಿಯ ಹೊತ್ತಿಗೆ ಲೀಗ್ ಬಂತು. ಮತ್ತೆ ಹದಿನೈದು ವರ್ಷಕ್ಕೆ ಅದರ ಹೆಸರು, ರೂಪ ಎರಡೂ ಬದಲಾದವು. ದೂರದ ದ್ವೀಪಗಳ ತಂಡಗಳು ಸೇರಿದ್ದು ತಡವಾಗಿ. ನಡುವೆ ಲೀಗೇ ನಡೆಯದ ವರ್ಷಗಳೂ ಇವೆ. ಇಷ್ಟರ ಮಧ್ಯೆ ಇವರು ೨೦೦೮ರಲ್ಲಿ ಕೊಲಂಬೊದಲ್ಲಿ ಭಾರತವನ್ನು ಸೋಲಿಸಿ ದಕ್ಷಿಣ ಏಷ್ಯಾ ಕಪ್ ಗೆದ್ದರು. ೨೦೧೮ರಲ್ಲಿ ಢಾಕಾದಲ್ಲಿ ಇನ್ನೊಮ್ಮೆ. ಭಾರತ ಸೋತಿತು ಎಂದು ನನಗೆ ಸಿಟ್ಟೇ ಬಂತು. ಭಾರತ ಆಡಿತ್ತು ಅನ್ನುವುದೂ ಇವತ್ತೇ ಗೊತ್ತಾದದ್ದು, ಅದು ಬೇರೆ ಮಾತು.

ನನ್ನ ಪ್ರಶ್ನೆಗಳು ಮುಗಿಯಲಿಲ್ಲ. ಚೆಂಡು ಸಮುದ್ರಕ್ಕೆ ಬಿದ್ದರೆ? ಮಣಿಕು ಹುಟ್ಟಿದ ದ್ವೀಪದಲ್ಲಿ ಮೈದಾನದ ಗೆರೆ ದಾಟಿದರೆ ನೀರು. ಹಾಗಾಗಿ ಒಬ್ಬ ಆಟಗಾರನನ್ನು ದೋಣಿಯಲ್ಲಿ ಕೂರಿಸುತ್ತಿದ್ದರು, ಸರದಿ ಪ್ರಕಾರ. ಲೀಗ್ ಆಡಬೇಕೆಂದು ಅವರೂ ಗೆಳೆಯರೂ ಮಾಲೆಗೆ ಬಂದು ಒಂದೇ ಕೋಣೆ ಬಾಡಿಗೆ ಹಿಡಿದು, ಪಾಳಿಯ ಮೇಲೆ ಮಲಗಿ, ಸಣ್ಣದೊಂದು ತಂಡ ಸೇರಿದರು. ಒಂದು ವರ್ಷ ಮೇಲಿನ ದರ್ಜೆಗೆ ಏರಿದರು, ಮರುವರ್ಷವೇ ಇಳಿದರು.

"ನಿಮಗೆ ನಿನ್ನೆ ಹೇಳಿದ್ದು ಪೂರ್ತಿ ನಿಜ ಅಲ್ಲ" ಅಂದರು. "ಮಾಲೆಯವರಿಗೆ ಪರಊರ ಪಂದ್ಯ ಇಲ್ಲ. ನಮ್ಮಂಥವರಿಗೆ ಇದ್ದದ್ದೆಲ್ಲ ಪರಊರ ಪಂದ್ಯವೇ."

ನನಗೆ ರಾಯಚೂರಿನ ಕೋಣೆ ನೆನಪಾಯಿತು. ಭಾನುವಾರ ಫೋನು ಮಾಡಿದರೆ "ಅಪ್ಪಾ ಯಾವಾಗ ಬರ್ತಿ" ಅನ್ನುತ್ತಿದ್ದ ಹುಡುಗಿ ಯಾವ ವರ್ಷದಿಂದ ಹಾಗೆ ಕೇಳುವುದು ಬಿಟ್ಟಳು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬೇಜಾರಾಯಿತು.

ಜೂನ್ ೨೦, ಶುಕ್ರವಾರ

ಊತ ಇಳಿದಿದೆ. ಅನ್ವಿತಾ ಮಧ್ಯಾಹ್ನ "ಅಪ್ಪಾ, ಒಂದು ಮಾತು..." ಎಂದು ಶುರು ಮಾಡಿ, "ಏನಿಲ್ಲ ಬಿಡು" ಅಂದಳು. ಪೇರಲಹಣ್ಣು ಸಾಕಾಗಿರಬೇಕು. ನಾಳೆ ಬೇರೆ ಹಣ್ಣು ತರುತ್ತೇನೆ.

ಜೂನ್ ೨೨, ಭಾನುವಾರ

ಹೇಗೆ ಬರೆಯುವುದೋ ತಿಳಿಯುತ್ತಿಲ್ಲ.

ಮಣಿಕು ದಂಪತಿ ನಾಳೆ ಬೆಳಿಗ್ಗೆ ಊರಿಗೆ ಹೊರಡುತ್ತಾರೆ. ಸಮುದ್ರ ನೋಡಬೇಕು, ಸಮುದ್ರ ಕಾಣದೆ ನಿದ್ದೆ ಹತ್ತುತ್ತಿಲ್ಲ ಎಂದರು. ನಾಲ್ವರೂ ಆಟೋದಲ್ಲಿ ತುಂಬಾ ಎಂಬ ಕಡಲತೀರಕ್ಕೆ ಹೋದೆವು. ಮೀನುಗಾರರ ಮಕ್ಕಳು ಮರಳಿನಲ್ಲಿ ಚೆಂಡಾಡುತ್ತಿದ್ದರು. ಮಣಿಕು ಪ್ಯಾಂಟು ಮಡಚಿ ಗೋಲಿಗೆ ನಿಂತೇಬಿಟ್ಟರು. ಅನ್ವಿತಾ ಆಟೋದ ಬಳಿ ಊರುಗೋಲಿಗೆ ಒರಗಿ, ಎಡಕ್ಕೆ, ಬಲಕ್ಕೆ ಎಂದು ಕೂಗಿ ಹೇಳುತ್ತಿದ್ದಳು.

ಆಮಿನಾ ನನ್ನ ಪಕ್ಕ ದೋಣಿಯ ಅಂಚಿನ ಮೇಲೆ ಕೂತು ಹೇಳಿದರು. "ಇವರು ಇಷ್ಟು ದಿನ ಚರಿತ್ರೆ ಹೇಳಿದರಲ್ಲ, ಅದರಲ್ಲಿ ಒಬ್ಬ ಹುಡುಗಿಯಾದರೂ ಬಂದಳಾ? ನನ್ನ ಕಾಲಕ್ಕೆ ಹುಡುಗಿಯರ ಲೀಗ್ ಎಂಬುದೇ ಇರಲಿಲ್ಲ. ಆ ದೋಣಿಯಲ್ಲಿ ಕೂತು ಚೆಂಡು ಹಿಡಿದುಕೊಡುತ್ತಿದ್ದವಳು ಎಷ್ಟೋ ಸಲ ನಾನೇ. ಕೈಗೆ ಬಂದ ಚೆಂಡನ್ನು ವಾಪಸು ಒಗೆಯಬೇಕು, ನನಗೆ ಅಷ್ಟೇ ಆಟ. ನಿಮ್ಮ ಮಗಳ ಪುಣ್ಯ. ಆಡಲೇಬೇಕು, ಅಷ್ಟೇ, ಎಂದು ನೀವು ಡಾಕ್ಟರಿಗೆ ಹೇಳಿದಿರಂತೆ. ನಿನ್ನೆ ಅವಳೇ ಹೇಳಿದಳು. ನಮ್ಮಪ್ಪ ಯಾರ ಮುಂದೆಯೂ ಹಾಗೆ ಹೇಳಲಿಲ್ಲ."

"ನಾನು ಹಂಗ ಅಂದಿಲ್ಲ, ಕಲೀಬೇಕು ಅಂದೆ" ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. "ಮಲಯಾಳದಲ್ಲಿ ಕಲಿಕ್ಕಣಂ ಅಂದರೆ ಏನು?" ಅಂದೆ.

ಆಕೆ ವಿಚಿತ್ರವಾಗಿ ನೋಡಿ, "ಕಳಿಕ್ಕಣಂ ಅಂದರೆ ಆಡಬೇಕು" ಅಂದರು.

"ಕಲಿಯಬೇಕು ಅನ್ನೋದಕ್ಕೆ?"

"ಪಠಿಕ್ಕಣಂ."

ನಾನು ಹೇಳಿದ 'ಲ' ಡಾಕ್ಟರಿಗೆ 'ಳ' ಆಗಿ ಕೇಳಿದೆ. ಆ ಕೈಕುಲುಕು, ಕೌಸಲ್ಯಾಳ ಅಳು, ಬೆಳಗಿನ ಚಹಾ ಎಲ್ಲ ಒಂದರ ಮೇಲೊಂದು ನೆನಪಿಗೆ ಬಂದವು. ಪೇರಲಹಣ್ಣಂತೆ, ಪೇರಲಹಣ್ಣು! ಲಾಡ್ಜಿಗೆ ಬಂದು ನಿಶಾ ಟೀಚರಿಗೆ ಫೋನು ಮಾಡಿ, ಆಪರೇಷನ್ ಇಲ್ಲದೆ ಆಗುವುದಿಲ್ಲವೇ ಎಂದು ಕೇಳಿದೆ. ಬರೀ ಶಾಲೆಗೆ ಹೋಗಿ ಬರಲು ವ್ಯಾಯಾಮ, ಪಟ್ಟಿ ಸಾಕಾಗಬಹುದು ಸರ್, ಗೋಲಿಗೆ ಮತ್ತೆ ನಿಲ್ಲಬೇಕಾದರೆ ಆಪರೇಷನ್ನೇ ದಾರಿ, ಅದಕ್ಕೇ ತಾನೇ ನೀವು ಒಪ್ಪಿದ್ದು, ಅಂದರು. ಆಪರೇಷನ್ನಾದ ಮೇಲೂ ಮುಕ್ಕಾಲು ವರ್ಷ ಕಾಯಬೇಕಂತೆ. ಅಂದರೆ ಹತ್ತನೇ ಕ್ಲಾಸು ಪೂರ್ತಿ ಈ ಕಾಲಿಗೇ ಹೋಯಿತು.

ನಾಳೆ ದಾಖಲಾತಿ. ಡಾಕ್ಟರಿಗೆ ಸರಿಯಾದ ಪದ ಹೇಳಿಬಿಡುತ್ತೇನೆ. ತಪ್ಪು ತಿಳಿವಳಿಕೆಯ ಮೇಲೆ ಮಗಳ ಕಾಲಿಗೆ ಕತ್ತರಿ ಹಾಕಿಸುವುದು ಸರಿಯಲ್ಲ. ಪಠಿಕ್ಕಣಂ, ಪಠಿಕ್ಕಣಂ.

ಜೂನ್ ೨೩, ಸೋಮವಾರ. ಆಸ್ಪತ್ರೆ

ಮಣಿಕು ಹೊರಡುವಾಗ ಒಂದು ಪ್ರಶ್ನೆ ಉಳಿದಿತ್ತು, ಕೇಳಿದೆ. ಲೀಗೇ ನಡೆಯದ ವರ್ಷಗಳಲ್ಲಿ ಆಟಗಾರರು ಏನು ಮಾಡುತ್ತಿದ್ದರು? "ಅಭ್ಯಾಸ" ಅಂದರು. ಯಾತಕ್ಕೆ? ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಆಟಗಾರರಲ್ಲವಾ?" ಅಂದರು. ಆಮಿನಾ ಅನ್ವಿತಾಳ ಎರಡೂ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿ, ಗೋಲಿಯ ಕೈ ಅಂದರು. ನಾನೂ ಆಗ ನೋಡಿದೆ. ಬೆರಳುಗಳು ಉದ್ದ, ತುದಿಯಲ್ಲಿ ದಪ್ಪ ಚರ್ಮ. ಇಷ್ಟು ದಪ್ಪಗಾಗಲು ಎಷ್ಟು ವರ್ಷ ಹಿಡಿಯುತ್ತದೆ? ನಾನಿಲ್ಲದ ವರ್ಷಗಳಷ್ಟು.

ಡಾಕ್ಟರ್ ಮಧ್ಯಾಹ್ನ ವಾರ್ಡಿಗೆ ಬಂದರು. "ಅಚ್ಛನ್ ಮನಸ್ಸು ಬದಲಾಯಿಸಿಲ್ಲ ತಾನೇ?" ಎಂದು ನಗುತ್ತಾ ಕೇಳಿದರು. ಅನ್ವಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನನ್ನನ್ನು ನೋಡಲಿಲ್ಲ. ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು.

ಪಠಿಕ್ಕಣಂ ನಾಲಿಗೆಯ ತುದಿಯಲ್ಲೇ ಇತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

"ಅವಳ್ ಕಳಿಕ್ಕಣಂ" ಅಂದೆ. ಈ ಸಲ 'ಳ' ಸರಿಯಾಗಿ ಬಂತು.

ಯಾಕೆ ಅಂದೆನೋ. ಹತ್ತನೇ ಕ್ಲಾಸು ಜನ್ಮಕ್ಕೆ ಒಂದೇ ಸಲ ಅನ್ನುವುದು ಈಗಲೂ ನನ್ನ ಅಭಿಪ್ರಾಯ.

ಜೂನ್ ೨೪, ಮಂಗಳವಾರ

ಆಯಿತು. ಚೆನ್ನಾಗಿ ಆಯಿತಂತೆ. ಅವಳನ್ನು ಒಳಗೆ ಕರೆದುಕೊಂಡು ಹೋದಾಗ ಕಣ್ಣೀರು ಬಂತು, ಒರೆಸಿಕೊಂಡೆ, ಮತ್ತೆ ಬಂತು. ಕೌಸಲ್ಯಾ ಹೇಗೋ ಒಂದು ದಿನ ರಜೆ ಹೊಂದಿಸಿಕೊಂಡು ಬೆಳಗಿನ ರೈಲಿಗೆ ಬಂದಳು. ನನ್ನ ಕೈಮೇಲೆ ಕೈಯಿಟ್ಟು ಕೂತಿದ್ದಳು. "ನಿಮ್ಮಿಂದ ಈ ಮಾತು ಬರ್ತದೆ ಅಂತ ನಾನು ಎಣಿಸಿರ್ಲೇ ಇಲ್ಲ ಮಾರಾಯ್ರೆ" ಅಂದಳು. ನಾನೂ ಎಣಿಸಿರಲಿಲ್ಲ, ಹೇಳಲಿಲ್ಲ.

ಸಂಜೆ ಅನ್ವಿತಾ ನೋವಿನಲ್ಲಿ ನರಳುತ್ತಿದ್ದಳು. ಏನು ಮಾಡಲೂ ತೋಚದೆ ಮಾಲ್ದೀವ್ಸ್ ಲೀಗಿನ ಚರಿತ್ರೆಯನ್ನು ಮೊದಲಿನಿಂದ ಹೇಳುತ್ತಾ ಕೂತೆ. ಕಪ್ ಗೆದ್ದ ಇಸವಿ ತಪ್ಪಿದಾಗ ಕಣ್ಣು ಮುಚ್ಚಿಕೊಂಡೇ ತಿದ್ದಿದಳು. "ಎರಡು ಸಾವಿರದ ಎಂಟು, ಅಪ್ಪಾ." ದೋಣಿಯ ವಿಷಯ ಬರುವ ಹೊತ್ತಿಗೆ ನಿದ್ದೆ ಹತ್ತಿತ್ತು. ಪಕ್ಕದ ಹಾಸಿಗೆಯವರು ಮುಂದೇನಾಯಿತು ಎಂದು ಕೇಳಿದ್ದರಿಂದ ಪೂರ್ತಿ ಹೇಳಿ ಮುಗಿಸಿದೆ.

ಜುಲೈ ೨೦, ಭಾನುವಾರ. ಕಾಕ್ಕನಾಡ್

ಬಹಳ ದಿನ ಬರೆಯಲಾಗಲಿಲ್ಲ. ಬ್ಯಾಂಕು, ಆಸ್ಪತ್ರೆ, ಮನೆಯಲ್ಲೇ ಗಣಿತದ ಪಾಠ. ಗಣಿತ ಬಿಡುವ ಮಾತೇ ಇಲ್ಲ.

ಈಗ ಅವಳು ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕೈಗೆ ಅಭ್ಯಾಸ ಮಾಡುತ್ತಾಳೆ. ಚೆಂಡು ಒಗೆಯುವ ಕೆಲಸ ನನ್ನದು. ಒಗೆಯಲೂ ಒಂದು ರೀತಿ ಇದೆಯಂತೆ, ದಿನಾ ಬೈಸಿಕೊಳ್ಳುತ್ತೇನೆ. ಇವತ್ತು ಬಾಲ್ಕನಿಯಲ್ಲಿ ಒಗೆಯುತ್ತಾ, ಮಣಿಕು ಫೋನು ಮಾಡಿದ್ದರು, ಆಮಿನಾ ಗಟ್ಟಿಯಾಗಿದ್ದಾರಂತೆ, ಅಂದೆ. ಹಿಡಿದ ಚೆಂಡನ್ನು ಅವಳು ವಾಪಸು ಕೊಡಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕೂತಳು.

"ಅಪ್ಪಾ, ಮೊದಲನೇ ದಿನ ಡಾಕ್ಟರ್ ಮುಂದ ನೀ 'ಲ' ಅಂದಿದ್ದಿ. ಆಪರೇಷನ್ ಹಿಂದಿನ ದಿನ 'ಳ' ಅಂದಿ."

"ನಿನಗ ಹೆಂಗ ಗೊತ್ತು?"

"ನಂಗ ಕನ್ನಡ ಬರ್ತೈತಿ. ಸಾಲಿ ಕಲಿ, ಸಾಲಿ ಕಲಿ ಅಂತ ದಿನಾ ನೀನ ಅಂತಿದ್ದಿ."

"ಹಂಗಾದ್ರ ಅವತ್ತ ಯಾಕ ಸುಮ್ಮನಿದ್ದಿ?"

"ಆಪರೇಷನ್ ಬೇಕಾಗಿತ್ತು." ತಲೆ ತಗ್ಗಿಸಿದಳು. "ಆಮ್ಯಾಲ ನಿನಗ ಹೇಳಾಕ ಬಂದೆ, ಆಗಲಿಲ್ಲ. ಅದಕ್ಕ ಆಮಿನಾತ್ತಾಗ ಹೇಳಿದೆ. ಅವರು ನಿನ್ನ ಮುಂದ ಹೇಳೇ ಹೇಳ್ತಾರ ಅಂತ ಗೊತ್ತಿತ್ತು."

"ಹೇಳಿದ್ರ ನಾ ಬ್ಯಾಡ ಅಂತಿದ್ದೆನಲ್ಲ ಹುಚ್ಚಿ, ಆಗೇನ್ ಮಾಡ್ತಿದ್ದಿ?"

"ಏನೂ ಇಲ್ಲ. ಕುಂಟ್ಕೊಂಡ ಇರ್ತಿದ್ದೆ." ಚೆಂಡನ್ನು ಒಂದು ಸಲ ತಿರುಗಿಸಿದಳು. "ನಿನಗ ಗೊತ್ತಿಲ್ದ ನೀ ಕೊಟ್ಟಿದ್ದು ನಂಗ ಬ್ಯಾಡಾಗಿತ್ತು."

ಅವಳು ಚೆಂಡನ್ನು ನನ್ನ ಕಡೆ ಉರುಳಿಸಿ, ಎರಡೂ ಅಂಗೈ ಮುಂದೆ ಚಾಚಿದಳು.

"ಹೂಂ, ಒಗಿ" ಅಂದಳು. ಒಗೆದೆ.